ನಡಿಗೆಯ ವೇಗಕ್ಕೆ ಸೋತ ಕೆಂಪು ಕಾರು

ಇಂಡಿಯಾನಾದ ನಮ್ಮ ಹಾರ್ಲನ್‌ಬರ್ಗಿನಲ್ಲಿ ಡೆಲ್ಬರ್ಟ್ ಸ್ಟುಕಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವನ ಕಿವಿ. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೊತ್ತಿ, ರೋಗವೇನೆಂದು ಹೇಳಿಬಿಡುತ್ತಿದ್ದ. ಇನ್ನೊಂದು, ಮೇಲ್ಛಾವಣಿ ಮಡಚುವ ಅವನ ಕೆಂಪು ಕನ್ವರ್ಟಿಬಲ್ ಕಾರು. ಹನ್ನೊಂದು ವರ್ಷಗಳಿಂದ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯ ಮುಖ್ಯ ಅತಿಥಿ ಕೂರುತ್ತಿದ್ದುದು ಅದರಲ್ಲೇ.

ಎರಡು ವರ್ಷದ ಹಿಂದೆ ಅವನ ಗ್ಯಾರೇಜಿನೆದುರು, ರಸ್ತೆಯಾಚೆ, ಮಾರ್ಲಾ ಡಿಟ್ಮರ್ ತನ್ನದೊಂದು ಗ್ಯಾರೇಜು ತೆರೆದಳು. ಸ್ಟಿಯರಿಂಗಿನ ಕೆಳಗೆ ವೈರು ಚುಚ್ಚಿ, ಲ್ಯಾಪ್‌ಟಾಪ್ ನೋಡಿ ರಿಪೇರಿ ಮಾಡುವವಳು. ಡೆಲ್ಬರ್ಟನ ಕಿವಿಗೆ ಕಿವಿಗೊಡುವವರು ಕಡಿಮೆಯಾದರು.

ಅದನ್ನೂ ಅವನು ಸಹಿಸಿದ್ದ. ಆದರೆ ಈ ವಸಂತದಲ್ಲಿ ಅವಳು ತನ್ನ ನೀಲಿ ಕಾರಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದಳು. ಎಂಜಿನ್ನಿನ ಉಸಿರಿನ ಬಾಗಿಲುಗಳನ್ನು ತೆರೆದು ಮುಚ್ಚುವ ದಂಡ ಅದು. ಅದರ ಮೇಲಿನ ಉಬ್ಬು ದೊಡ್ಡದಾದಷ್ಟೂ ಬಾಗಿಲು ಹೆಚ್ಚು ತೆರೆಯುತ್ತದೆ. ಕಾರು ನಿಂತಲ್ಲೇ ಧಡ್-ಧಡಧಡ್ ಎನ್ನತೊಡಗಿತು. ಹೋಟೆಲಿನ ಮುಂದಿನ ಮುದುಕರು ಹಂದಿಮಾಂಸದ ಸ್ಯಾಂಡ್‌ವಿಚ್ ಕೆಳಗಿಟ್ಟು ನೋಡಿದರು. ಕಿಡಿ ಹೊತ್ತಬೇಕಾದದ್ದು ಎಂಜಿನ್ನಿನ ಹೊಟ್ಟೆಯಲ್ಲಿ. ಡೆಲ್ಬರ್ಟನ ಹೊಟ್ಟೆಯಲ್ಲೂ ಹೊತ್ತಿತು. ಅತಿಥಿಯನ್ನು ಈ ಸಲ ನೀಲಿ ಕಾರಿನಲ್ಲಿ ಕೂರಿಸೋಣವೇ ಎಂದು ಮೆರವಣಿಗೆ ಸಮಿತಿ ಗುಸುಗುಸು ಆಡಿದಾಗಲಂತೂ ಊಟವೇ ಸೇರಲಿಲ್ಲ.

ಮಾರ್ಲಾಳದಕ್ಕಿಂತ ಎರಡು ಅಳತೆ ದೊಡ್ಡ ಕ್ಯಾಮ್ ತರಿಸಿ, ನಾಲ್ಕು ದಿನ ಕೂತು ತಾನೇ ಹಾಕಿದ. ಶುರು ಮಾಡಿದರೆ ಔಷಧದಂಗಡಿಯ ಗಾಜು ನಡುಗಿತು. ಸಮಿತಿ ಬಾಯಿ ಮುಚ್ಚಿತು. ಮಾರ್ಲಾ ರಸ್ತೆ ದಾಟಿ ಬಂದಳು.

"ಸ್ಟುಕಿಯವ್ರೇ, ಎಷ್ಟು ದೊಡ್ಡದು ಹಾಕಿದ್ರಿ?"

"ನಿನ್ನದಕ್ಕಿಂತ ದೊಡ್ಡದು ಕಣಮ್ಮ."

"ಅದು ಊರಿಗೇ ಕೇಳಿಸ್ತಿದೆ. ಕಾರಿನ ಕಂಪ್ಯೂಟರ್ ಟ್ಯೂನ್ ಮಾಡಿಸಿದ್ರಾ? ಸಣ್ಣ ಬದಲಾವಣೆ ಆಗಿದ್ರೆ ಅದೇ ಹೇಗೋ ಸುಧಾರಿಸ್ಕೊಳ್ತಿತ್ತು. ಇಷ್ಟು ದೊಡ್ಡದಕ್ಕೆ ಆಗಲ್ಲ. ಇನ್ನೂ ಹಳೇ ಕ್ಯಾಮೇ ಇದೆ ಅಂದ್ಕೊಂಡು ಗಾಳಿಗೆ, ಪೆಟ್ರೋಲಿಗೆ ಲೆಕ್ಕ ಹಾಕ್ತಿರುತ್ತೆ. ನಿಧಾನ ಮಾಡಿದ್ರೆ ಆಫ್ ಆಗುತ್ತೆ. ತನ್ನಿ, ಮಾಡ್ಕೊಡ್ತೀನಿ."

"ನಲವತ್ತು ವರ್ಷದಿಂದ ಈ ಕಿವೀಲೇ ಟ್ಯೂನ್ ಮಾಡಿದೀನಿ."

"ಆಗ ತಿರುಗಿಸೋಕೆ ಸ್ಕ್ರೂ ಇತ್ತು. ಇದ್ರಲ್ಲಿ ಎಲ್ಲಿದೆ?"

"ನನ್ನ ತಲೆ ತಿರುಗಿಸ್ಬೇಡ, ಹೋಗು!"

ಹೆದ್ದಾರಿಯಲ್ಲಿ ಓಡಿಸಿ ನೋಡಿದ, ಬಾಣದಂತೆ ಹೋಯಿತು. ಮೆರವಣಿಗೆ ಮಾತ್ರ ಶಾಲೆಯ ಬ್ಯಾಂಡಿನ ನಡಿಗೆಯಲ್ಲಿ ಸಾಗುತ್ತದೆ ಎನ್ನುವುದು ಹನ್ನೊಂದು ವರ್ಷ ಓಡಿಸಿದವನಿಗೇ ಮರೆತುಹೋಗಿತ್ತು.

ಈ ವರ್ಷದ ಅತಿಥಿ ಮಿಸ್ ಅಡೆಲ್ಲಾ ಫ್ರಿಟ್ಜ್. ತೊಂಬತ್ತೊಂದು ವಯಸ್ಸು, ಡೆಲ್ಬರ್ಟ್ ಸೇರಿದಂತೆ ಅರ್ಧ ಊರಿಗೆ ಮಗ್ಗಿ ಕಲಿಸಿದವರು. ಕಾರು ಹೊರಟಿತು, ಬಿಕ್ಕಳಿಸಿತು, ಮುಗ್ಗರಿಸಿತು. ಒಂದೊಂದು ಬಿಕ್ಕಳಿಕೆಗೂ ಟೀಚರ ಟೋಪಿ ಮೂಗಿಗೆ ಜಾರಿತು. ಆಮೇಲೆ ಎಂಜಿನ್ ಆಫಾಯಿತು. ಶುರು ಮಾಡಿದ, ಮತ್ತೆ ಆಫ್.

"ಡೆಲ್ಬರ್ಟ್, ಮೂರನೇ ಕ್ಲಾಸಲ್ಲೂ ನೀನು ಹಿಂಗೇ. ಎರಡರ ಮಗ್ಗಿ ಭಾರೀ ಜೋರು, ಏಳರ ಹತ್ರ ನಿಂತ್‌ಬಿಡ್ತಿದ್ದೆ."

ಮೂರನೆಯ ಸಲ ನಿಂತದ್ದು ಸರಿಯಾಗಿ ಮಾರ್ಲಾಳ ಗ್ಯಾರೇಜಿನ ಎದುರು. ಹಿಂದಿನ ಬ್ಯಾಂಡಿನವರು ಒಬ್ಬರ ಮೇಲೊಬ್ಬರು ಬಿದ್ದರು. ಮಾರ್ಲಾ ನಿಂಬೆ ಶರಬತ್ತು ಹಿಡಿದು ನಿಂತಿದ್ದಳು. ನಗಲಿಲ್ಲ. ನಕ್ಕಿದ್ದರೆ ಡೆಲ್ಬರ್ಟ್ ಹೇಗೋ ತಡೆದುಕೊಳ್ಳುತ್ತಿದ್ದ.

"ಆ ಹುಡುಗೀನ ಕೇಳೋ," ಎಂದರು ಟೀಚರು. "ಗೊತ್ತಿಲ್ದಿದ್ರೆ ಕೈ ಎತ್ತು ಅಂತ ಎಷ್ಟು ಸಲ ಹೇಳಿಲ್ಲ?"

ಡೆಲ್ಬರ್ಟ್ ಸ್ಟುಕಿ ಇಡೀ ಊರಿನೆದುರು, ಮೊಣಕೈವರೆಗೆ ಮಾತ್ರ, ಕೈ ಎತ್ತಿದ.

"ಇಲ್ಲಿ ನಿಂತು ಟ್ಯೂನ್ ಮಾಡೋಕಾಗಲ್ಲ," ಎಂದು ಮಾರ್ಲಾ ಶರಬತ್ತನ್ನು ಅವನ ಕೈಗೆ ಕೊಟ್ಟಳು. "ಸ್ಟಿಯರಿಂಗ್ ಹಿಡ್ಕೊಳ್ಳಿ, ತಳ್ತೀವಿ." ಅವಳೂ ನಾಲ್ವರು ಕಹಳೆಯವರೂ ಭುಜ ಕೊಟ್ಟರು. ಕೆಂಪು ಕಾರು ಸದ್ದಿಲ್ಲದೆ ಮೆರೆಯಿತು. ಅಷ್ಟು ಚಪ್ಪಾಳೆ ಅದಕ್ಕೆ ಎಂದೂ ಬಿದ್ದಿರಲಿಲ್ಲ, ಬಿದ್ದದ್ದೆಲ್ಲ ತಳ್ಳುವವಳಿಗೆ.

ಮರುದಿನ ಕಾರು ರಸ್ತೆ ದಾಟಿತು. ಮಧ್ಯಾಹ್ನಕ್ಕೆಲ್ಲ ಟ್ಯೂನ್ ಮುಗಿಯಿತು. ಗುಡುಗು ಹಾಗೇ ಉಳಿಯಿತು, ಬಿಕ್ಕಳಿಕೆ ಹೋಯಿತು. ಡೆಲ್ಬರ್ಟ್ ಮೂರು ವಾರ ಸ್ಕ್ರೂಡ್ರೈವರು ಊರಿ ಊರಿ ತಪ್ಪು ಹುಡುಕಿದ. ಒಂದೂ ಸಿಗಲಿಲ್ಲ. ಅದೇ ಅವನನ್ನು ಸುಟ್ಟಿದ್ದು.

ಆಗಸ್ಟಿನ ಸಮಿತಿ ಸಭೆಯಲ್ಲಿ ಅವನೇ ಎದ್ದುನಿಂತ. "ಮುಂದಿನ ವರ್ಷ ಮಾರ್ಲಾ ಕಾರೇ ಇರ್ಲಿ."

ಎಂಥ ದೊಡ್ಡ ಮನಸ್ಸು ಎಂದರು ಎಲ್ಲರೂ.

"ಒಂದೇ ಷರತ್ತು," ಎಂದ ಡೆಲ್ಬರ್ಟ್. "ಅತಿಥಿ ಮತ್ತೆ ಫ್ರಿಟ್ಜ್ ಟೀಚರೇ ಆಗ್ಬೇಕು. ಅವಳೂ ಒಂದ್ಸಲ ಅವರನ್ನ ಹಿಂದೆ ಕೂರಿಸ್ಕೊಂಡು, ಅವರ ಮಾತು ಕೇಳ್ತಾ ಓಡಿಸ್ಲಿ."