ಮಾವನ ಕೋಣೆ ಸರಳವಾದದ್ದು

ಕಾಲೇಜಿನ ಪ್ರಯೋಗಾಲಯದ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಅಡ್ಡಹೆಸರು ‘ಖಾಲಿ ಮೇಷ್ಟ್ರು’. ಮೇಜಿನ ಮೇಲೆ ತಕ್ಕಡಿ ಬಿಟ್ಟು ಬೇರೇನಾದರೂ ಕಂಡರೆ ಅವರಿಗೆ ಮೈಯೆಲ್ಲ ಉರಿ. ಬೇಡದ್ದನ್ನು ತೆಗೆದ ಮೇಲೆ ಉಳಿಯುವುದೇ ಸರಳತೆ ಎಂಬುದು ಅವರ ವ್ಯಾಖ್ಯೆ. ತಮ್ಮ ತಲೆಗೂದಲು ಮಾತ್ರ ಅದನ್ನು ಚಕಾರವೆತ್ತದೆ ಒಪ್ಪಿಕೊಂಡಿದೆ ಎಂದು ಅವರೇ ನಗುತ್ತಿದ್ದರು.

ಮನೆಯಲ್ಲಿ ಜೊತೆಗಿದ್ದ ಮಾವನಿಗೆ, ಅಂದರೆ ಹೆಂಡತಿಯ ತಂದೆಗೆ, ಕಣ್ಣು ಮಂಜಾಗುತ್ತಾ ಬಂದು ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಆದರೂ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರುತ್ತಿದ್ದರು. ಅವರಿಗೆ ಉಳಿದಿದ್ದ ಹಮ್ಮು ಅದೊಂದೇ. ಎಲ್ಲಿ ಎಡವಿ ಬೀಳುತ್ತಾರೋ ಎಂದು ಮೇಷ್ಟ್ರ ಎದೆ ಡವಡವ. ಒಂದು ರಜೆಯ ಮಧ್ಯಾಹ್ನ ಮಾವ ಗಾಢ ನಿದ್ದೆಯಲ್ಲಿದ್ದಾಗ, ಅವರ ಕೋಣೆಯ ಕುರ್ಚಿ, ಟ್ರಂಕು, ಹಳೆಯ ಹೊಲಿಗೆಯಂತ್ರ ಎಲ್ಲವನ್ನೂ ಸದ್ದಾಗದಂತೆ, ಏದುಸಿರು ಬಿಡುತ್ತಾ ಹಾಲಿಗೆ ಸಾಗಿಸಿದರು. ಉಳಿದದ್ದು ಮಂಚ ಮಾತ್ರ.

“ಅಪ್ಪನ್ನ ಒಂದ್ಮಾತು ಕೇಳಿದ್ರಾ?” ಎಂದಳು ಹೆಂಡತಿ.

“ಕೇಳೋದೇನಿದೆ? ಇನ್ನು ಎಡವೋಕೆ ಏನೂ ಇಲ್ಲ. ಸರಳತೆ ಅಂದ್ರೆ ಇದು.”

“ನಿಮ್ಮ ಸರಳತೆ ಹಾಲಲ್ಲಿ ಗುಡ್ಡೆ ಬಿದ್ದಿದೆ. ನಾನೇನು ಹಾರ್ಕೊಂಡು ಓಡಾಡಲಾ?”

ಸ್ವಲ್ಪ ಹೊತ್ತಿಗೆ ಮಾವ ನಿದ್ದೆಯಿಂದೆದ್ದು ಕೈ ಚಾಚಿದರು. ಕುರ್ಚಿ ಇಲ್ಲ. ಇನ್ನೊಂದು ಹೆಜ್ಜೆ ಇಟ್ಟರು. ಟ್ರಂಕೂ ಇಲ್ಲ. ಬೆರಳುಗಳು ಗಾಳಿಯಲ್ಲಿ ತಡಕಾಡಿ ತಡಕಾಡಿ ಸೋತವು. ಬಾಗಿಲಲ್ಲಿ ಶಹಬಾಸ್‌ಗಿರಿಗೆ ಕಾದು ನಿಂತಿದ್ದ ಮೇಷ್ಟ್ರ ಖಾಲಿ ತಲೆಗೆ ಆಗ ಹೊಳೆಯಿತು: ತಾವು ಹೊತ್ತು ಹಾಕಿದ್ದು ಮಾವನ ದಾರಿಯನ್ನೇ.

“ಅಳಿಯಂದ್ರೇ, ಇದ್ದೀರಾ?” ಮಾವನ ದನಿ ಸಣ್ಣಗಾಗಿತ್ತು. “ಸ್ವಲ್ಪ ಕೈ ಹಿಡ್ಕೊಳ್ತೀರಾ?”

ಆ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಮೇಷ್ಟ್ರಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಸಂಜೆ ಸಾಮಾನುಗಳೆಲ್ಲ ವಾಪಸು ಬಂದವು. ಮಾವ ಒಂದೊಂದರ ಬಳಿಗೂ ಬಂದು ಕಾಲಿಂದ, ಕೈಯಿಂದ ತಡವಿ ತಡವಿ ಅಪ್ಪಣೆ ಕೊಡಿಸಿದರು.

“ಟ್ರಂಕು ಇನ್ನೊಂದು ಗೇಣು ಈಚೆ. ಹೊಲಿಗೆಯಂತ್ರದ ಚಕ್ರ ನನ್ನ ಕಡೆಗಿರ್ಲಿ. ಲ್ಯಾಬಲ್ಲೂ ಹೀಗೇ ಅಂದಾಜಲ್ಲಿ ಅಳೀತೀರಾ?”

“ಇಲ್ಲ ಮಾವ, ಅಲ್ಲಿ ಇದಕ್ಕಿಂತ ಕಡೆ.”

ಮಾವ ಮತ್ತೆ ಮಂಚಕ್ಕೆ ಹೋಗಿ ಅಲ್ಲಿಂದ ಹೊರಟರು. ಕುರ್ಚಿಯ ಬೆನ್ನು, ಟ್ರಂಕಿನ ಮೂಲೆ, ಯಂತ್ರದ ಚಕ್ರ, ಬಾಗಿಲು. ಒಳಗಿನಿಂದ ಬಚ್ಚಲಿನ ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ಮೇಷ್ಟ್ರಿಗೆ ಉಸಿರು ಬಂತು. ತಾವೂ ನೋಡೋಣವೆಂದು ಕಣ್ಣು ಮುಚ್ಚಿ ಅದೇ ದಾರಿ ಹಿಡಿದರು. ಟ್ರಂಕು ಮೊಣಕಾಲಿಗೆ ಢಣ್ ಎಂದು ಬಡಿಯಿತು.

“ಅಯ್ಯಯ್ಯೋ!”

“ಬಿದ್ರೂ ಪರವಾಗಿಲ್ಲ ಅಳಿಯಂದ್ರೇ,” ಬಚ್ಚಲಿಂದ ಮಾವ ಕೂಗಿದರು, “ಅದನ್ನ ಮಾತ್ರ ಅಲ್ಲಾಡಿಸ್ಬೇಡಿ!”