ಮಾವ ಬೇಡವೆಂದ ಬೇರಿಂಗ್

ಕೂಳೂರು ಸೇತುವೆಯ ನಡುವೆ ನನ್ನ ಕಾರು ನಿಂತ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಕಾರಿನ ಮೇಲಲ್ಲ, ಅದು ಪಾಪದ್ದು. ನನ್ನ ಸಿಟ್ಟು ಸೋದರಮಾವನ ಮೇಲೆ, ಕೊಟ್ಟಾರದ ಗ್ಯಾರೇಜಿನ ಯಜಮಾನರ ಮೇಲೆ. ಅವರಿಬ್ಬರೂ ಸೇರಿ, ನನಗೊಂದು ಮಾತು ಹೇಳದೆ, ನನ್ನ ಕಾರಿನ ತೀರ್ಮಾನ ಮಾಡಿ ಮುಗಿಸಿದ್ದರು.

ನಮ್ಮದು ಅಳಿಯಸಂತಾನದ ಮನೆತನ. ಕಾನೂನು ಬದಲಾಗಿ ಎಷ್ಟೋ ವರ್ಷಗಳಾಗಿದ್ದರೂ ಮನೆಯ ಕ್ರಮ ಬದಲಾಗಿರಲಿಲ್ಲ. ಗದ್ದೆ, ಮನೆ, ಒಡವೆ ಎಲ್ಲ ತಾಯಿಯಿಂದ ಮಗಳಿಗೆ ಬರಬೇಕು. ಅದನ್ನು ಏನು ಮಾಡಬೇಕೆಂದು ಮಾತ್ರ ತಾಯಿಯ ಅಣ್ಣ ಹೇಳಬೇಕು. ಕಾಲೇಜಿನಲ್ಲಿ ಘಟ್ಟದ ಮೇಲಿನಿಂದ ಬಂದ ಸಹೋದ್ಯೋಗಿಗಳು ‘ನಿಮ್ಮಲ್ಲಿ ಹೆಂಗಸರದ್ದೇ ರಾಜ್ಯವಂತೆ’ ಎಂದು ನನ್ನನ್ನು ಛೇಡಿಸುತ್ತಿದ್ದರು. ರಾಜ್ಯವೇನೋ ನಮ್ಮದೇ, ಅಪ್ಪಣೆ ಮಾವನದು ಎಂದು ನಾನು ಹೇಳಿದರೆ ಅವರು ನಗುತ್ತಿದ್ದರು. ನಾನು ತಮಾಷೆಗೆ ಹೇಳಿದ್ದಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಗಂಡ ಬೊಂಬಾಯಿಯಲ್ಲಿ ಹೋಟೆಲ್ ನೋಡಿಕೊಳ್ಳುತ್ತಿದ್ದರು. ನಾನು ಕದ್ರಿಯಲ್ಲಿ ಅಮ್ಮನ ಜೊತೆಗಿದ್ದು, ಸುರತ್ಕಲ್ ಕಡೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಬಸ್ಸಿನಲ್ಲಿ ನೇತಾಡಿ ಸಾಕಾಗಿ, ಆಗಷ್ಟೇ ಊರಿಗೆ ಬರತೊಡಗಿದ್ದ ಪುಟ್ಟ ಕಾರುಗಳಲ್ಲೊಂದನ್ನು ನನ್ನ ಸಂಬಳದಿಂದ ಕೊಂಡೆ. ಮಾವನಿಗೆ ಅದು ಹಿಡಿಸಲಿಲ್ಲ.

“ಹೈವೇಯಲ್ಲಿ ಹೆಂಗಸರಿಗೆ ಎಂತ ಕೆಲಸ? ಆಯ್ತು, ಓಡಿಸು. ಆದರೆ ಒಂದು ಸಲ ದಾರಿಯಲ್ಲಿ ನಿಂತಿತು ಅಂತ ಗೊತ್ತಾದ್ರೆ ಮತ್ತೆ ನಾನು ಡ್ರೈವರನ್ನು ಇಡ್ತೇನೆ. ಆಗ ನೀನು ಹಿಂದೆ ಕೂತ್ಕೊಳ್ಳಬೇಕು” ಎಂದರು. ಅಮ್ಮ ತಲೆಯಾಡಿಸಿದರು. ಹೀಗೆ ನಾನು ಸ್ಟಿಯರಿಂಗ್ ಹಿಡಿಯುವುದಕ್ಕೆ ಒಂದು ಷರತ್ತು ಬಿತ್ತು. ಗಂಡಸರು ಓಡಿಸಿದ ಕಾರು ದಾರಿಯಲ್ಲಿ ನಿಂತರೆ ಅದು ಕಾರಿನ ತಪ್ಪು. ನಾನು ಓಡಿಸಿದ್ದು ನಿಂತರೆ ನನ್ನ ತಪ್ಪು. ಇದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೋ ನನಗೆ ತಿಳಿಯದು.

ಕೆಲವು ವರ್ಷ ಚೆನ್ನಾಗಿಯೇ ಓಡಿತು. ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂದಾಗ ಕೊಟ್ಟಾರದ ಗ್ಯಾರೇಜಿಗೆ ಕೊಂಡುಹೋದೆ. ಅದು ಮಾವನ ಗ್ಯಾರೇಜು ಎಂದೇ ಹೇಳಬೇಕು. ಅವರ ಲಾರಿಗಳು, ದೊಡ್ಡ ಕಾರು ಎಲ್ಲ ಅಲ್ಲಿಗೇ ಹೋಗುತ್ತಿದ್ದವು. ನಮ್ಮ ಮನೆಯ ಯಾವ ಗಾಡಿ ಅಲ್ಲಿಗೆ ಹೋದರೂ ಬಿಲ್ಲು ಮಾವನ ಮನೆಗೆ ಹೋಗುವ ರೂಢಿ.

ಮಾವನ ಹಳೆಯ ಕಾರಿನಲ್ಲಿ ಎಂಜಿನ್ನಿನ ಒಳಗೆ ಕಬ್ಬಿಣದ ಚೈನು. ನನ್ನದರಲ್ಲಿ ಹಲ್ಲುಹಲ್ಲಾದ ರಬ್ಬರ್ ಬೆಲ್ಟ್; ಅದು ಕೈಕೊಟ್ಟರೆ ಎಂಜಿನ್ ನಿಂತಂತೆಯೇ. ಮುಚ್ಚಳ ತೆಗೆದಾಗ ನಾನೂ ಬಗ್ಗಿ ನೋಡಿದೆ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಎಂಬ ಸಣ್ಣ ಗಾಲಿಯನ್ನು ಬೆರಳಿನಿಂದ ತಿರುಗಿಸಿದರೆ ಒಳಗಿನ ಬೇರಿಂಗ್ ಕರಕರ ಎನ್ನುತ್ತಿತ್ತು. ಎಣ್ಣೆ ಹೊರಬರದಂತೆ ತಡೆಯಬೇಕಾದ ಪಕ್ಕದ ಆಯಿಲ್ ಸೀಲಿನ ಸುತ್ತ ಎಣ್ಣೆ ಒಸರಿತ್ತು. ರಬ್ಬರಿಗೆ ಎಣ್ಣೆ ತಾಗಿದರೆ ಅದು ಮೆತ್ತಗಾಗಿ ಹಲ್ಲು ಕಿತ್ತುಬರುತ್ತದೆ. ಇದಕ್ಕೆ ಭೌತಶಾಸ್ತ್ರವೂ ಬೇಡ, ಕಣ್ಣಿದ್ದರೆ ಸಾಕು.

“ಬೆಲ್ಟಿನ ಜೊತೆಗೆ ಸೀಲು, ಟೆನ್ಷನರ್ ಎರಡೂ ಹೊಸದು ಹಾಕಿ. ಹೇಗೂ ಎಲ್ಲ ಬಿಚ್ಚಿದ್ದೀರಿ. ಆಮೇಲೆ ಅದಕ್ಕಾಗಿ ಪುನಃ ಬಿಚ್ಚುವುದು ಬೇಡ” ಎಂದೆ.

“ಆಯ್ತು ಅಕ್ಕ, ಹಾಕುವ” ಎಂದರು ಯಜಮಾನರು. ಸಂಜೆ ಕಾರು ತರಲು ಹೋದಾಗ “ಎಲ್ಲ ಸರಿ ಉಂಟು, ಧೈರ್ಯದಲ್ಲಿ ಹೋಗಿ” ಎಂದರು. ನಾನು ಧೈರ್ಯದಲ್ಲೇ ಹೋದೆ.

ಮುಂದಿನ ಮಳೆಗಾಲಕ್ಕೆ ಮೊದಲೇ, ಪರೀಕ್ಷೆಯ ದಿನ ಬೆಳಿಗ್ಗೆ, ಸೇತುವೆಯ ಮೇಲೆ ಎಂಜಿನ್ ಫಟ್ಟೆಂದು ಸತ್ತಿತು. ಕೆಳಗೆ ಹೊಳೆ, ಹಿಂದೆ ಟ್ಯಾಂಕರುಗಳ ಸಾಲು, ಕಿವಿ ಹರಿಯುವ ಹಾರ್ನು. ಕಾಟಿಪಳ್ಳದ ಬಸ್ಸಿನಿಂದ ತಲೆ ಹೊರಹಾಕಿದವನೊಬ್ಬ “ಲೇಡೀಸ್ ಮಾರಾಯ, ಮತ್ತೆಂತ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾಲ್ಕು ಜನ ಕಾರನ್ನು ಸೇತುವೆಯಾಚೆ ತಳ್ಳಿಕೊಟ್ಟರು. ಅಂಗಡಿಯೊಂದರಿಂದ ಗ್ಯಾರೇಜಿಗೆ ಫೋನ್ ಮಾಡಿದೆ. ಅವರು ನನಗೆ ಜೀಪು ಕಳಿಸುವ ಮೊದಲು ಮಾವನಿಗೆ ಫೋನ್ ಮಾಡಿದ್ದರು. ನನ್ನ ಕಾರನ್ನು ಜೀಪಿಗೆ ಕಟ್ಟಿ ಕೊಟ್ಟಾರಕ್ಕೆ ತರುವಷ್ಟರಲ್ಲಿ ಮಾವ ಅಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು.

“ನಾನು ಹೇಳಿದ್ದೆ. ನಾಳೆಯಿಂದ ಡ್ರೈವರ್” ಎಂದರು.

ನಾನು ಬೆಲ್ಟಿನ ಮುಚ್ಚಳ ತೆಗೆಸಿದೆ. ಹೊಸ ಬೆಲ್ಟ್ ಎಣ್ಣೆಯಲ್ಲಿ ನೆನೆದು ಹಲ್ಲು ಉದುರಿಸಿಕೊಂಡಿತ್ತು. ಅದರ ಪಕ್ಕದಲ್ಲಿ ಅದೇ ಹಳೆಯ ಸೀಲು, ಅದೇ ಕರಕರ ಬೇರಿಂಗ್.

“ಇದನ್ನು ಬದಲಿಸಿ ಅಂದಿದ್ದೆನಲ್ಲ?” ಎಂದು ಕೇಳಿದೆ.

ಯಜಮಾನರು ನನ್ನನ್ನು ನೋಡಲಿಲ್ಲ. “ಅಲ್ಲ ಅಕ್ಕ, ಧಣಿಗಳಿಗೆ ಒಂದು ಮಾತು ಕೇಳದೆ ಹೇಗೆ ಹಾಕುವುದು? ಫೋನ್ ಮಾಡಿದ್ದೆ. ತಿರುಗುತ್ತಾ ಉಂಟಲ್ಲ, ಬೇಡ ಅಂದ್ರು.”

ನನ್ನ ಮೈಯೆಲ್ಲ ಬೆಂಕಿ ಹತ್ತಿತು. ಕಾರನ್ನು ಕಣ್ಣಿಂದ ನೋಡದವರು ಮನೆಯಲ್ಲಿ ಕುಳಿತು ಬೇಡವೆಂದರು. ನೋಡಿದವಳಿಗೆ ‘ಹಾಕುವ’ ಎಂದು ಹೇಳಿ ಯಜಮಾನರು ಮುಚ್ಚಳ ಮುಚ್ಚಿದರು. ಈಗ ಆ ಕಾರು ನಿಂತದ್ದಕ್ಕೆ ನನಗೆ ಶಿಕ್ಷೆ! ಇದನ್ನು ಮಾವನ ಮುಖಕ್ಕೇ ಹೇಳಿದೆ. ನಮ್ಮ ಮನೆಯಲ್ಲಿ ಯಾವ ಹೆಣ್ಣೂ ಮಾವನ ಎದುರು ಅಷ್ಟು ಜೋರಾಗಿ ಮಾತಾಡಿದ್ದು ನನಗೆ ಗೊತ್ತಿಲ್ಲ. ಮಾವ ಕೆಮ್ಮಿದರು, ವೇಷ್ಟಿ ಸರಿಮಾಡಿಕೊಂಡರು. ಕೊನೆಗೆ ಯಜಮಾನರ ಕಡೆ ತಿರುಗಿ “ಹಾಗಾದ್ರೆ ಅದನ್ನೆಲ್ಲ ಹೊಸದು ಹಾಕು ಮಾರಾಯ” ಎಂದರು.

ಯಜಮಾನರ ಮುಖ ಅರಳಿತು. “ಆಯ್ತಲ್ಲ ಅಕ್ಕ! ಮಾವ ಒಪ್ಪಿದ್ರು.”

ಕಾರು ನಿಂತದ್ದಕ್ಕಿಂತ ಈ ಮಾತು ನನಗೆ ಹೆಚ್ಚು ಚುಚ್ಚಿತು. “ಮಾವ ಒಪ್ಪಿದ್ದಕ್ಕೆ ಹಾಕುವುದು ಬೇಡ. ನಾನು ಹೇಳಿದ್ದಕ್ಕೆ ಹಾಕ್ತೀರಾ?” ಎಂದು ಕೇಳಿದೆ. ಅವರು ಪುನಃ ಮಾವನ ಮುಖ ನೋಡಿದರು. ನನಗೆ ಅಷ್ಟು ಸಾಕಾಯಿತು. ಜೀಪಿಗೆ ಹಗ್ಗ ಕಟ್ಟಿಸಿ, ಕದ್ರಿಯ ಇಳಿಜಾರಿನಲ್ಲಿದ್ದ ಬೇರೊಂದು ಗ್ಯಾರೇಜಿಗೆ ಎಳೆಸಿದೆ.

ಎಳೆಸಿಕೊಳ್ಳುವ ಕಾರಿಗೂ ಸ್ಟಿಯರಿಂಗ್ ಹಿಡಿಯುವವರು ಬೇಕು. ಮಾವ ಬಲಗಡೆಯ ಬಾಗಿಲಿಗೆ ಕೈಹಾಕುವ ಮೊದಲೇ ನಾನು ಹತ್ತಿ ಕುಳಿತೆ. ಅವರು ಸುತ್ತು ಹಾಕಿ ಬಂದು ಪಕ್ಕದಲ್ಲಿ ಕುಳಿತರು.

ಅಲ್ಲಿಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. ನನ್ನ ಕಿಟಕಿಯನ್ನು ದಾಟಿ ಹೋಗಿ ಆ ಬದಿಗೆ ಬಗ್ಗಿ, “ಎಂತ ಆಯ್ತು ಗಾಡಿಗೆ?” ಎಂದು ಮಾವನನ್ನು ಕೇಳಿದ.

ಮಾವ ಎದುರಿನ ಗಾಜನ್ನೇ ನೋಡುತ್ತಿದ್ದರು. “ಗಾಡಿ ಇವಳದ್ದು. ಇವಳನ್ನು ಕೇಳು” ಎಂದರು.

ಅವನು ಕೂಡಲೇ ನನ್ನ ಕಡೆ ಬಂದು ವಿನಯದಿಂದ ಕೇಳಿದ. ಸೀಲು, ಟೆನ್ಷನರ್, ಬೆಲ್ಟ್ ಎಲ್ಲವನ್ನೂ ನಾನು ಹೇಳಿದಂತೆಯೇ ಹಾಕಿಕೊಟ್ಟ. ಡ್ರೈವರ್ ಬರಲಿಲ್ಲ. ಅನಂತರ ಎಷ್ಟೋ ವರ್ಷ ನಾನೇ ಓಡಿಸಿದೆ. ನೀನು ಗೆದ್ದೆ ಎಂದು ಅಮ್ಮ ಹೇಳುತ್ತಿದ್ದರು. ಎಂಥ ಗೆಲುವು! ಗಾಡಿ ನನ್ನದು ಎಂಬುದನ್ನೂ ಮಾವನೇ ಹೇಳಬೇಕಾಯಿತು.