ಹದಿನೈದರ ಪಾಳಿ

ಚಿನ್ನದ ಗಣಿಯ ಕೆಲಸಗಾರರ ಸಾಲುಮನೆಗಳಿದ್ದ ಊರಿಗಾಂ ಲೈನಿನ ಕೋದಂಡಪ್ಪನ ಮನೆಯಲ್ಲಿ ಕ್ಯಾಲೆಂಡರು ಇರಲಿಲ್ಲ. ಪಾಳಿಯ ಲೆಕ್ಕವೇ ಆ ಮನೆಯ ಪಂಚಾಂಗ. ರಾತ್ರಿ ಪಾಳಿಗೆ ಗಣಿಗೆ ಇಳಿದವನು ಯಾವ ತಾರೀಖಿನಲ್ಲಿ ಹಾಜರಿ ಹಾಕಿಸಿಕೊಂಡನೋ, ಬೆಳಿಗ್ಗೆ ಮೇಲೆ ಬಂದು, ಮಿಂದು, ಮುದ್ದೆ ಉಂಡು, ಕಣ್ಣು ಮುಚ್ಚುವ ತನಕ ಅವನಿಗೆ ಅದೇ ತಾರೀಖು. ಕಂಪನಿಯ ಹಾಜರಿಯೂ ಹಾಗೇ, ಸಂಬಳವೂ ಹಾಗೇ. ಎದ್ದ ಮೇಲೆ ಹೊಸ ದಿನ.

ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮೀಸೆ ಚಿಗುರುವ ಕಾಲಕ್ಕೆ ಬಂದು ಗಣಿ ಸೇರಿದವನು ಅವನು. ಕಲ್ಲು ಕೊರೆಯುವ ಯಂತ್ರಕ್ಕೆ ಎದೆ ಒತ್ತಿ ಒತ್ತಿ, ಐವತ್ತೆಂಟನೇ ಇಸವಿಯ ಹೊತ್ತಿಗೆ ಆ ಎದೆಯೇ ಜರಡಿಯಾಗಿತ್ತು. ದಿಬ್ಬ ಏರಿದರೆ ಏದುಸಿರು, ಮಲಗಿದರೆ ಕೆಮ್ಮು. ಆದರೂ ಅವನು ತಲೆ ಎತ್ತಿ ನಡೆಯುತ್ತಿದ್ದ. ಮಗ ಕದಿರಪ್ಪ ಬೆಂಗಳೂರಿನಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಓದಿ ಎಂ.ಎಸ್ಸಿ. ಮುಗಿಸಿದ್ದ. ಈಗ ಪಿಎಚ್.ಡಿ. ಮಾಡಬೇಕೆಂದು ಹಟ ಹಿಡಿದಿದ್ದ. ಯಾವ ಕಲ್ಲು ಕೊರೆದರೆ ಎಂಥ ಧೂಳು ಏಳುತ್ತದೆ, ಮನುಷ್ಯನ ಎದೆಯಲ್ಲಿ ಕೂರುವಷ್ಟು ಸಣ್ಣದು ಯಾವುದು, ಅದನ್ನು ಕಂಡುಹಿಡಿಯುವುದು ಅವನ ಆಸೆ. ಅಪ್ಪನ ಕೆಮ್ಮು ಕೇಳುತ್ತಾ ಬೆಳೆದವನಿಗೆ ಬೇರೆ ಆಸೆ ಹೇಗೆ ಹುಟ್ಟೀತು?

ಪಕ್ಕದ ಮನೆಯ ಪೆರುಮಾಳ್ ರೇಗಿಸುತ್ತಿದ್ದ. "ಕಲ್ಲು ಓದಿ ಡಾಕ್ಟರಾಗ್ತಾನಂತೆ ನಿನ್ ಮಗ. ನಾವು ಇಷ್ಟ್ ವರ್ಸ ಕಲ್ಲು ತಿಂದ್ವಲ್ಲ, ನಮಗ್ಯಾಕೆ ಆ ಪಟ್ಟ ಕೊಡ್ಲಿಲ್ಲಪ್ಪಾ?"

"ನೀನು ತಿಂದಿದ್ನೆಲ್ಲ ಕೆಮ್ಮಿ ಉಗೀತೀಯಲ್ಲ, ಅದ್ಕೇ ಕಣ್ಲಾ," ಎನ್ನುತ್ತಿದ್ದ ಕೋದಂಡಪ್ಪ. ಇಬ್ಬರೂ ನಕ್ಕು, ಆಮೇಲೆ ಇಬ್ಬರೂ ಕೆಮ್ಮುತ್ತಿದ್ದರು.

ಒಂದು ಸಂಜೆ ಕದಿರಪ್ಪ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ. "ಮೊದ್ಲು ಒಬ್ರು ಪ್ರೊಫೆಸರು ನನ್ನ ಒಪ್ಕಬೇಕು. ಏನು ಹುಡುಕ್ತೀನಿ ಅಂತ ಎರಡು ಹಾಳೆ ಬರ್ಕಂಡೋಗಿ ಅವರ ಮುಂದಿಡಬೇಕು. ಒಪ್ಪಿದ್ರೆ ಸೀಟು. ಸೀಟಿಗೆ ಯಾವಾಗ್ಲಾದ್ರೂ ಅರ್ಜಿ ಆಕ್ಬೋದು. ಆದ್ರೆ ಓದೋರ್ಗೆ ತಿಂಗ್ಳು ತಿಂಗ್ಳು ಕೊಡೋ ವೇತನಕ್ಕೆ ಬೇರೆ ಅರ್ಜಿ. ಅದು ವರ್ಸಕ್ಕೊಂದೇ ಕಿತ."

ತಾಯಿ ಪಿಳ್ಳಮ್ಮ ಅಕ್ಕಿ ಆರಿಸುತ್ತಾ ಕೇಳಿದಳು. "ಸೀಟು ಕೊಟ್ಟೋರು ಅನ್ನ ಕೊಡಾಕಿಲ್ವಾ?"

"ಅನ್ನಕ್ಕೇ ಎರಡನೇ ಅರ್ಜಿ ಕಣಮ್ಮ."

ವೇತನ ಸಿಗದಿದ್ದರೆ ಸೀಟು ಇದ್ದೂ ಇಲ್ಲ. ಅಪ್ಪನ ಎದೆ ಇನ್ನೆಷ್ಟು ಕಾಲ ದುಡಿದೀತು ಎಂಬುದು ಮೂವರಿಗೂ ಗೊತ್ತಿತ್ತು.

ಪ್ರೊಫೆಸರು ಸುಲಭಕ್ಕೆ ಸಿಗಲಿಲ್ಲ. ಹೋದಾಗಲೆಲ್ಲ ಪ್ರವಾಸ, ಪರೀಕ್ಷೆ. ಕಡೆಗೆ ಒಪ್ಪಿದರು. ಅವರ ಒಪ್ಪಿಗೆ ಪತ್ರ ಟಪಾಲಿನಲ್ಲಿ ಬರುವ ಹೊತ್ತಿಗೆ ವೇತನದ ಗಡುವು ಕುತ್ತಿಗೆಗೆ ಬಂದಿತ್ತು, ಕದಿರಪ್ಪ ವಿಷಮಜ್ವರದಲ್ಲಿ ಮಲಗಿದ್ದ. ಹಾಸಿಗೆಯಲ್ಲೇ ಕೂತು, ಬೆವರು ಒರೆಸಿಕೊಳ್ಳುತ್ತಾ ಅರ್ಜಿ ತುಂಬಿದ. ಹದಿನಾಲ್ಕನೇ ತಾರೀಖಿನ ಸಂಜೆ ಬುತ್ತಿ ಹಿಡಿದು ಪಾಳಿಗೆ ಹೊರಟಿದ್ದ ಅಪ್ಪನ ಕೈಯಲ್ಲಿಟ್ಟ. "ಟಪಾಲಿಗಾದ್ರೆ ತಡ ಆಯ್ತದೆ. ನೀನೇ ಬೆಂಗ್ಳೂರಿಗೋಗಿ ಕೊಡಪ್ಪ. ಹದಿನೈದು ಕಡೇದು."

"ಆಗ್ಲಿ ಕಣಪ್ಪ. ಹದಿನೈದರ ಪಾಳಿ ಮುಗಿಸ್ಕಂಡು ಅಂಗೇ ರೈಲು ಹತ್ತೀನಿ."

ಕದಿರಪ್ಪ ತಲೆಯಾಡಿಸಿದ. ಅವನಿಗೂ ಆ ಮಾತಿನಲ್ಲಿ ತಪ್ಪೇನೂ ಕೇಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ಕೋದಂಡಪ್ಪ ಗಣಿಯಿಂದ ಮೇಲೆ ಬಂದಾಗ ಮಗನ ಮೈ ಕಾದ ಹೆಂಚಾಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮದ್ದು ಕೊಡಿಸಿ ಮರಳಿದ. ಅರ್ಜಿಯ ಚಿಂತೆ ಅವನಿಗೆ ಬರಲಿಲ್ಲ. ಅವನು ಮುಗಿಸಿ ಬಂದದ್ದು ಹದಿನಾಲ್ಕರ ಪಾಳಿ, ಹದಿನೈದು ಇನ್ನೂ ಇಡಿಯಾಗಿ ಮುಂದೆ ಇತ್ತು. ಮಧ್ಯಾಹ್ನ ಮಲಗಿದ, ರಾತ್ರಿ ಗಣಿಗೆ ಇಳಿದ, ಬೆಳಿಗ್ಗೆ ಮೇಲೆ ಬಂದವನೇ ಒಗೆದ ಪಂಚೆ ಉಟ್ಟು ರೈಲು ಹಿಡಿದ. ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಬೆಂಗಳೂರು ಮುಟ್ಟುವ ತನಕ ಅರ್ಜಿಯನ್ನು ಎದೆಗೆ ಅವುಚಿಕೊಂಡೇ ಇದ್ದ.

ವೇತನದ ಕಚೇರಿಯ ಗುಮಾಸ್ತ ಕೆಟ್ಟವನಲ್ಲ. ಪತ್ರಗಳನ್ನೆಲ್ಲ ತಿರುವಿ ನೋಡಿ, "ಎಲ್ಲ ಸರಿಯಾಗಿದೆ ಯಜಮಾನ್ರೇ. ಆದ್ರೆ ನೆನ್ನೆಗೇ ಮುಗೀತು," ಎಂದ.

"ಹದಿನೈದು ತಾನೇ ಸ್ವಾಮಿ ಕಡೇದು?"

"ಹೌದು. ಇವತ್ತು ಹದಿನಾರು."

"ಇವತ್ತು ಹದಿನೈದು ಸ್ವಾಮಿ. ಹಾಜರಿ ಹಾಕ್ಸಿದೀನಿ. ನಾನಿನ್ನೂ ಮಲಗೇ ಇಲ್ಲ."

ಗುಮಾಸ್ತ ಗೋಡೆಯ ಕ್ಯಾಲೆಂಡರಿನ ಕಡೆ ಕೈ ತೋರಿಸಿದ. ಸೀಟು ಎಲ್ಲಿಗೂ ಹೋಗುವುದಿಲ್ಲ, ವೇತನಕ್ಕೆ ಮುಂದಿನ ವರ್ಷ ಹಾಕಿ ಎಂದು ಮೆಲ್ಲಗೆ ಹೇಳಿದ. ಕೋದಂಡಪ್ಪ ಆ ಕ್ಯಾಲೆಂಡರನ್ನು ನೋಡುತ್ತಾ ನಿಂತ. ಬದುಕಿಡೀ ದುಡಿದ ಲೆಕ್ಕ ನೆಲದ ಮೇಲೆ ಚಲಾವಣೆಗೆ ಬರುವುದಿಲ್ಲ ಎಂದು ಅವನಿಗೆ ಅವತ್ತೇ ತಿಳಿದದ್ದು.

ಬರುವಾಗ ಬಂಗಾರಪೇಟೆ ನಿಲ್ದಾಣದಲ್ಲಿ ಊರಿಗೆ ಹೋಗುವ ಮಾರಿಕುಪ್ಪಂ ಗಾಡಿ ಕಣ್ಣೆದುರೇ ಹೊರಟು ಹೋಯಿತು. ಅವನು ಬೆಂಚಿನ ಮೇಲೆ ಕೂತೇ ಇದ್ದ. ಮುಂದಿನ ಗಾಡಿಗೆ ಮನೆ ಸೇರಿದಾಗ ಕದಿರಪ್ಪ ಕಂಬಳಿ ಹೊದ್ದು ಬಾಗಿಲಲ್ಲೇ ಕೂತಿದ್ದ.

"ಕೊಟ್ಯಾ ಅಪ್ಪ?"

"ನೆನ್ನೆಗೇ ಮುಗೀತಂತೆ."

"ಅದೆಂಗೆ? ಇವತ್ತು ಹದಿನೈದೇ ಅಲ್ವಾ?" ಎಂದ ಕದಿರಪ್ಪ. ಅಂದವನೇ ತನ್ನ ಮಾತು ತನಗೇ ಕೇಳಿಸಿದಂತೆ ತಲೆ ತಗ್ಗಿಸಿದ. ಅಪ್ಪನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಕೋದಂಡಪ್ಪನಿಗೆ ಹಗುರಾಗುತ್ತಿತ್ತೇನೋ.

ಮುಂದಿನ ವರ್ಷ ಅರ್ಜಿ ಕರೆಯುವ ಮೊದಲೇ ಡಾಕ್ಟರು ಕೋದಂಡಪ್ಪ ಗಣಿಗೆ ಇಳಿಯಬಾರದೆಂದು ಬರೆದುಬಿಟ್ಟರು. ಕೆಲಸ ಹೋದರೆ ಲೈನಿನ ಮನೆಯೂ ಹೋಗುತ್ತದೆ. ಕದಿರಪ್ಪ ಕಂಪನಿಯಲ್ಲಿ ಕಲ್ಲಿನ ಮಾದರಿ ಆರಿಸುವ ಕೆಲಸಕ್ಕೆ ಸೇರಿದ. ಪ್ರೊಫೆಸರಿಗೆ ಬೇರೆ ಶಿಷ್ಯ ಸಿಕ್ಕಿದ. ಕದಿರಪ್ಪ ಬರೆದಿಟ್ಟಿದ್ದ ಎರಡು ಹಾಳೆ ಪಿಳ್ಳಮ್ಮನ ಪೆಟ್ಟಿಗೆಯ ತಳ ಸೇರಿತು. ಕೋದಂಡಪ್ಪ ಸಂತೆಯಿಂದ ಒಂದು ಕ್ಯಾಲೆಂಡರು ತಂದು ಗೋಡೆಗೆ ಮೊಳೆ ಹೊಡೆದ. ದಿನಾ ಎದ್ದು ಅದರ ಮುಂದೆ ನಿಲ್ಲುತ್ತಿದ್ದ. ಪೆರುಮಾಳ್ ಕೂಡ ಅದರ ಬಗ್ಗೆ ತಮಾಷೆ ಮಾಡಲಿಲ್ಲ.

ಅರವತ್ತೆರಡರ ಚಳಿಯಲ್ಲಿ, ಬೆಳಗಿನ ಪಾಳಿಗೆ ಗಣಿಯ ಸೈರನ್ ಕೂಗುವ ಮುಂಚೆ ಕೋದಂಡಪ್ಪನ ಉಸಿರು ನಿಂತಿತು. ಮಣ್ಣು ಮಾಡಿ ಬಂದ ಮೇಲೆ ಕದಿರಪ್ಪ ಕಂಪನಿಯ ಆಫೀಸಿಗೆ ಸಾವು ಬರೆಸಲು ಹೋದ. ಹಾಜರಿ ಗುಮಾಸ್ತ ಜಯರಾಮಪ್ಪ ಪೆನ್ನು ಹಿಡಿದು ಯಾವ ತಾರೀಖು ಎಂದು ಕೇಳಿದ. ಕದಿರಪ್ಪ ಅಪ್ಪನ ಉಸಿರು ನಿಂತದ್ದರ ಹಿಂದಿನ ದಿನದ ತಾರೀಖು ಹೇಳಿದ.

"ಬೆಳಗಿನ ಜಾವ ಅಂದ್ರಲ್ಲಪ್ಪ. ಅಂಗಾದ್ರೆ ಅದು ಮಾರನೇ ದಿನಕ್ಕೆ ಬತ್ತದೆ."

"ನಮ್ಮಪ್ಪ ರಾತ್ರಿ ಪಾಳಿಯೋನು ಸಾರ್," ಎಂದ ಕದಿರಪ್ಪ. "ಇಳಿದ ದಿನಾನೇ ಬರ್ಕಳಿ."

ಜಯರಾಮಪ್ಪ ಅವನ ಮುಖ ನೋಡಿದ, ಹಾಗೇ ಬರೆದುಕೊಂಡ.